ದಫ್ತರದ ಕೀಲಿಕೈ ದುಡಿಯುವವರ ಕೈಗೂ ಬರಲಿ

ಕಂಪ್ಯೂಟರ್ ವಿದ್ಯೆ ಬೆಂಗಳೂರಿನವರ ಸೊತ್ತು, ಇಂಜಿನಿಯರಿಂಗ್ ಓದಿದವರ ಸೊತ್ತು ಎಂಬ ಮಾತು ಗಿರಣಿ ಬಾಗಿಲಲ್ಲಿಯೂ ಅಂಗಡಿ ಬೀದಿಯಲ್ಲಿಯೂ ಕೇಳಿಬರುತ್ತಿದೆ. ಈ ಮಾತನ್ನು ನಾವು ಒಪ್ಪತಕ್ಕದ್ದಲ್ಲ. ಇಂದು ನಮ್ಮ ಹೊಲ, ನಮ್ಮ ಕೂಲಿ, ನಮ್ಮ ವ್ಯಾಪಾರ ಮೂರೂ ಡೇಟಾಬೇಸ್ ಎಂಬ ದಫ್ತರದೊಳಗೆ ಸೇರಿವೆ. ದಫ್ತರ ಯಾರಿಗೆ ಓದಲು ಬರುತ್ತದೆಯೋ ಅಧಿಕಾರ ಅವರದು. ಶಾನುಭೋಗರ ಕಾಲದಿಂದಲೂ ನಮ್ಮ ಹಳ್ಳಿಗಳು ಕಂಡ ಸತ್ಯ ಇದು.

ಪಹಣಿಯನ್ನೇ ತೆಗೆದುಕೊಳ್ಳೋಣ. ಅದು ಗ್ರಾಮಲೆಕ್ಕಿಗರ ಗಂಟಿನಲ್ಲಿದ್ದಾಗ ಅವರು ಸಿಕ್ಕ ದಿನವೇ ಪಹಣಿ ಸಿಕ್ಕ ದಿನ. ಅವರು ಕೇಳಿದ್ದೇ ಬೆಲೆ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. 2001ರ ಹೊತ್ತಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆಯುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ವಿಲೇವಾರಿ ಮಾಡಬೇಕೆಂದು ಯಂತ್ರಕ್ಕೆ ಕಟ್ಟುಪಾಡು ಹಾಕಲಾಯಿತು. ಇದು ಒಳ್ಳೆಯ ಕೆಲಸ. ಆದರೆ ಹಳೆಯ ಕಾಗದದ ತಪ್ಪು ಯಂತ್ರದೊಳಗೂ ತಪ್ಪಾಗಿಯೇ ಕುಳಿತರೆ, ರೈತ ತಿದ್ದುಪಡಿಗೆ ಅರ್ಜಿ ಹಿಡಿದು ಮತ್ತೆ ಅಲೆಯಬೇಕು. ‘ಕಂಪ್ಯೂಟರಿನಲ್ಲಿ ಹಾಗಿದೆ’ ಎಂದು ಗುಮಾಸ್ತರು ಹೇಳಿದರೆ ಎದುರು ಮಾತಾಡುವ ಧೈರ್ಯ ಯಾರಿಗಿದೆ? ಆ ಧೈರ್ಯ ತಿಳಿವಳಿಕೆಯಿಂದ ಬರಬೇಕೇ ಹೊರತು ಕೂಗಾಟದಿಂದ ಬರುವುದಿಲ್ಲ.

ಈ ವಿದ್ಯೆ ಅಷ್ಟು ನಿಗೂಢವೇ? ಕಿರಾಣಿ ಅಂಗಡಿಯ ಹಿರಿಯರಿಗೆ ಇದರ ಅರ್ಧ ಭಾಗ ಈಗಾಗಲೇ ಗೊತ್ತು. ಅವರ ಬಳಿ ಎರಡು ಪುಸ್ತಕಗಳಿರುತ್ತವೆ: ದಿನದ ವ್ಯವಹಾರಕ್ಕೆ ಕಿರ್ದಿ, ಗಿರಾಕಿಯ ಲೆಕ್ಕಕ್ಕೆ ಖತಾವಣಿ. ಗಿರಾಕಿಯ ಹೆಸರು, ಊರು, ತಂದೆಯ ಹೆಸರನ್ನು ಕಿರ್ದಿಯ ಪ್ರತಿ ಸಾಲಿನಲ್ಲಿಯೂ ಅವರು ಬರೆಯುವುದಿಲ್ಲ. ಖತಾವಣಿಯ ಪುಟಸಂಖ್ಯೆ ಬರೆದರೆ ಸಾಕು. ಡೇಟಾಬೇಸಿನ ಮೂಲತತ್ತ್ವವೂ ಇದೇ. ಒಂದು ಸಂಗತಿಯನ್ನು ಒಂದೇ ಕಡೆ ಬರೆ. ಬೇರೆ ಕಡೆ ಅದರ ಸಂಖ್ಯೆಯನ್ನು ಮಾತ್ರ ಕೊಡು. ಖತಾವಣಿಯಲ್ಲಿ ಇಲ್ಲದ ಪುಟವನ್ನು ಕಿರ್ದಿಯಲ್ಲಿ ಕಾಣಿಸಿದರೆ ಯಂತ್ರ ಅದನ್ನು ತಳ್ಳಿಹಾಕುವಂತೆ ಕಟ್ಟಳೆ ಮಾಡಬಹುದು. ಒಬ್ಬನ ಲೆಕ್ಕದಿಂದ ಹಣ ಕಳೆದು ಇನ್ನೊಬ್ಬನ ಲೆಕ್ಕಕ್ಕೆ ಸೇರಿಸುವ ನಡುವೆ ಕರೆಂಟು ಹೋದರೆ, ಎರಡೂ ಆಗಬೇಕು ಇಲ್ಲವೇ ಎರಡೂ ಆಗಬಾರದು ಎಂಬ ಕಟ್ಟಳೆಯೂ ಉಂಟು.

ದಫ್ತರವನ್ನು ಹೀಗೆ ಕೋಷ್ಟಕಗಳಾಗಿ ಕಟ್ಟಬಹುದೆಂದು 1970ರಲ್ಲಿ ತೋರಿಸಿದವನು ಐಬಿಎಂ ಕಂಪನಿಯಲ್ಲಿ ದುಡಿಯುತ್ತಿದ್ದ ಎಡ್ಗರ್ ಕಾಡ್. ಅದರ ಮೇಲೆ ಬೆಳೆದ ಎಸ್‌ಕ್ಯೂಎಲ್ ಎಂಬ ಭಾಷೆಯಲ್ಲಿ ದಿನಬಳಕೆಯ ಕ್ರಿಯೆಗಳು ನಾಲ್ಕೇ: ಆರಿಸು, ಸೇರಿಸು, ತಿದ್ದು, ಅಳಿಸು. ‘ಈ ತಿಂಗಳು 500 ರೂಪಾಯಿಗೆ ಮೀರಿ ಬಾಕಿ ಉಳಿಸಿಕೊಂಡವರು ಯಾರು?’ ಎಂಬ ಪ್ರಶ್ನೆಗೆ ಒಂದು ವಾಕ್ಯ ಬರೆದರೆ ಉತ್ತರ ಬರುತ್ತದೆ.

ಇನ್ನು ಪುಸ್ತಕದ ಮಾತು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ 1986ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ, ಸಾರ್ವಜನಿಕ ಹಣದ ನೆರವಿನಿಂದ ಹುಟ್ಟಿತು. ಇಂದು ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಎಂಬ ಹೆಸರಿನಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ಪಡೆಯಬಹುದು. ಅದರ ಸಮಗ್ರ ಕೈಪಿಡಿಯೂ ಬಿಟ್ಟಿಯೇ. ಗಾತ್ರ ಸುಮಾರು ಮೂರು ಸಾವಿರ ಪುಟ. ಗಾತ್ರ ಕಂಡು ಗಾಬರಿಯಾಗಬೇಕಿಲ್ಲ. ನಿಘಂಟನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿ ಭಾಷೆ ಕಲಿತವರುಂಟೇ? ಮೊದಲ ಭಾಗ ಸಣ್ಣ ಪಾಠಮಾಲೆ. ಅದನ್ನು ಬಿಡದೆ ಓದಬೇಕು. ಎರಡನೆಯ ಭಾಗ ಭಾಷೆಯ ವಿವರ. ಬೇಕಾದ ಅಧ್ಯಾಯವನ್ನು ಮಾತ್ರ ಓದಬೇಕು. ಉಳಿದದ್ದು ಅನುಮಾನ ಬಂದಾಗ ತೆರೆದು ನೋಡುವುದಕ್ಕೆ.

‘ಪುಸ್ತಕ ಓದಿ ಈಜು ಕಲಿಯಲಾದೀತೇ?’ ಎಂದು ಕೆಲವರು ಕೇಳುತ್ತಾರೆ. ಆಗದು, ನಿಜ. ನೀರಿಗಿಳಿಯಬೇಕು. ಆ ಪಾಠಮಾಲೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಪಟ್ಟಣದ ಮಳೆ, ಬಿಸಿಲುಗಳ ಲೆಕ್ಕ ಕೊಟ್ಟಿದ್ದಾರೆ. ಅದನ್ನು ಒಮ್ಮೆ ಮಾಡಿ ನೋಡಿ, ಬಳಿಕ ಅದರ ಜಾಗದಲ್ಲಿ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ಇಡಿ. ಒಂದು ಕೋಷ್ಟಕದಲ್ಲಿ ರೈತರು, ಇನ್ನೊಂದರಲ್ಲಿ ರೀಲರುಗಳು, ಮೂರನೆಯದರಲ್ಲಿ ಲಾಟಿನ ಸಂಖ್ಯೆ, ತೂಕ, ದರ. ಒಬ್ಬ ರೈತನ ಗೂಡಿಗೆ ತಿಂಗಳುಗಟ್ಟಲೆ ಸಿಕ್ಕಿದ ಸರಾಸರಿ ದರವೆಷ್ಟು, ಒಂದೇ ದಿನ ಅತಿ ಕಡಿಮೆ ಮತ್ತು ಅತಿ ಹೆಚ್ಚು ದರಗಳ ಅಂತರವೆಷ್ಟು ಎಂದು ಕೇಳಿ. ಗಿರಣಿಯವರು ತಮ್ಮ ಹಾಜರಿ, ಹೆಚ್ಚುವರಿ ಗಂಟೆ, ಪ್ರಾವಿಡೆಂಟ್ ಫಂಡಿನ ಕಡಿತಗಳನ್ನು ಹೀಗೆಯೇ ಬರೆದಿಟ್ಟರೆ, ಆಫೀಸಿನ ಚೀಟಿಯ ಪಕ್ಕದಲ್ಲಿ ತಮ್ಮ ಲೆಕ್ಕವನ್ನೂ ಇಡಬಹುದು. ಅಂಕಿಯ ಮುಂದೆ ಅಂಕಿ ಇಟ್ಟವನ ಅಹವಾಲಿಗೆ ತೂಕ ಬೇರೆ.

ಕಂಪ್ಯೂಟರ್ ಬಂದರೆ ಗುಮಾಸ್ತರ ಅನ್ನ ಹೋಗುತ್ತದೆ ಎಂಬ ಭಯವೂ ಇದೆ. ಭಯ ಸುಳ್ಳಲ್ಲ. ಆದರೆ ವಿದ್ಯೆಯಿಂದ ದೂರ ನಿಂತವರ ಅನ್ನವೇ ಮೊದಲು ಹೋಗುವುದು. ಜಿಎಸ್‌ಟಿ 2017ರಲ್ಲಿ ಬಂದಾಗ ಸಣ್ಣ ವರ್ತಕರು ಕಂಡದ್ದೇನು? ಲೆಕ್ಕ ತಮ್ಮದು, ತೆರಿಗೆ ತಮ್ಮದು. ಅದನ್ನು ತುಂಬಿಸಿ ಕಳುಹಿಸುವ ವಿದ್ಯೆ ಮಾತ್ರ ಬೇರೆಯವರದು, ಅದಕ್ಕೆ ಬೇರೆ ಕೂಲಿ.

ಹಾಗಾದರೆ ಅಡ್ಡಿ ಏನು? ಮೊದಲ ಅಡ್ಡಿ ಭಾಷೆ. ಈ ಕೈಪಿಡಿಗೆ ಜಪಾನೀ, ಫ್ರೆಂಚ್, ರಷ್ಯನ್ ಭಾಷೆಗಳಲ್ಲಿ ಅನುವಾದವಿದೆ; ಕನ್ನಡದಲ್ಲಿಲ್ಲ. ಕನ್ನಡದ ಹೆಸರಿನಲ್ಲಿ ಉತ್ಸವ ನಡೆಸುವ ಸರ್ಕಾರ ಪಾಠಮಾಲೆಯ ಭಾಗವನ್ನಾದರೂ ಕನ್ನಡಕ್ಕೆ ತಂದು ಹಂಚಲಿ. ಎರಡನೆಯದು ಸ್ಥಳ. 1965ರ ಗ್ರಂಥಾಲಯ ಕಾಯಿದೆಯಿಂದ ಈಚೆಗೆ ಮನೆ, ಅಂಗಡಿಗಳ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ನಾವು ತೆರುತ್ತಿದ್ದೇವೆ. ಆ ಹಣದಿಂದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಗ್ರಂಥಾಲಯಗಳಲ್ಲಿ ಈ ಕೈಪಿಡಿಯ ಅಚ್ಚಾದ ಪ್ರತಿಯೊಂದನ್ನೂ ನಾಲ್ಕು ಕಂಪ್ಯೂಟರುಗಳನ್ನೂ ಇಡಲಿ. ಪಾಳಿ ಮುಗಿಸಿ ಬರುವವರಿಗಾಗಿ ರಾತ್ರಿ ಒಂಬತ್ತರ ತನಕ ಬಾಗಿಲು ತೆರೆದಿರಲಿ.

ಸರ್ಕಾರ ಏಳುವ ತನಕ ನಾವು ಮಲಗಿರಬೇಕಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಭೌತಶಾಸ್ತ್ರ ಓದಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿರೆಂದು ಕಡೆಯವರೆಗೂ ಹೇಳಿದರು. ನಾಲ್ಕು ಜನ ಸೇರಿ, ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡು, ವಾರಕ್ಕೆ ಎರಡು ಸಂಜೆ ಕುಳಿತರೆ ಸಾಕು. ಒಬ್ಬರು ಇಂಗ್ಲಿಷ್ ಓದಲಿ, ಒಬ್ಬರು ಕನ್ನಡದಲ್ಲಿ ಹೇಳಲಿ, ಒಬ್ಬರು ಕೀಲಿ ಒತ್ತಲಿ, ಒಬ್ಬರು ನೋಟ್‌ಪುಸ್ತಕದಲ್ಲಿ ಬರೆದಿಡಲಿ. ಮುಂದಿನ ತಂಡಕ್ಕೆ ಆ ನೋಟ್‌ಪುಸ್ತಕವೇ ಕನ್ನಡದ ಕೈಪಿಡಿ. ಶಾಲೆಯಲ್ಲಿ ಪಾಠ ಹೇಳಿದ ಅನುಭವದಿಂದ ಹೇಳುತ್ತೇನೆ: ಹತ್ತನೆಯ ತರಗತಿ ಮುಗಿಸಿ ತ್ರೈರಾಶಿ ಬಲ್ಲವರಿಗೆ ಇದು ಮೀರಿದ ವಿದ್ಯೆಯಲ್ಲ.

ನಮ್ಮ ಬಾಳಿನ ಲೆಕ್ಕವನ್ನು ಯಾರೋ ಬರೆಯುತ್ತಿದ್ದಾರೆ. ಅದನ್ನು ಓದಲು ಕಲಿಯೋಣ, ಬರೆಯಲೂ ಕಲಿಯೋಣ.