ಎರಡು ‘ಇನ್’ಗಳು

ಪೆಟ್ರೋಲನ್ನು ಸಾಗಿಸುವ ಟ್ಯಾಂಕರುಗಳ ಹಿಂಬದಿಯಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿರುವುದನ್ನು ವಾಚಕರು ನೋಡಿಯೇ ಇರುವರು. ಸ್ಪಿರಿಟ್, ಟರ್ಪೆಂಟೈನ್ ಮುಂತಾದವುಗಳ ಸೀಸೆಗಳ ಮೇಲೂ ಈ ಮಾತು ಕಾಣಬರುವುದುಂಟು. ‘ಇನ್‌ಕರೆಕ್ಟ್’ ಎಂದರೆ ಸರಿಯಲ್ಲದ್ದು ಎಂದು ಕಲಿತ ಹುಡುಗನು, ‘ಇನ್‌ಫ್ಲೇಮಬಲ್’ ಎಂದರೆ ಉರಿಯದ್ದು ಎಂದು ತೀರ್ಮಾನಿಸಿ ಆ ಸೀಸೆಯನ್ನು ಒಲೆಯ ಮಗ್ಗುಲಲ್ಲಿಟ್ಟರೆ ಅವನ ತರ್ಕವನ್ನು ಹಳಿಯುವಂತಿಲ್ಲ. ಮನೆಗೆ ಮಾತ್ರ ಬೆಂಕಿ ತಗಲುವುದು. ಆ ಪದದ ಅರ್ಥವು ಬೇಗನೆ ಹೊತ್ತಿಕೊಳ್ಳುವಂಥದು ಎಂದೇ.

ಲ್ಯಾಟಿನ್ ಭಾಷೆಯಿಂದ ಆಂಗ್ಲಕ್ಕೆ ಬಂದ ‘ಇನ್’ ಎಂಬ ಉಪಸರ್ಗವು ಒಂದಲ್ಲ, ಎರಡು. ಒಂದಕ್ಕೆ ‘ಒಳಗೆ’ ಎಂಬರ್ಥ. ‘ಫ್ಲಮ್ಮ’ ಎಂದರೆ ಜ್ವಾಲೆ. ಅದಕ್ಕೆ ಈ ‘ಇನ್’ ಸೇರಿ, ಉರಿ ಹೊತ್ತಿಸು ಎಂಬರ್ಥದ ‘ಇನ್‌ಫ್ಲೇಮ್’ ಕ್ರಿಯಾಪದವು ಮೊದಲು ಹುಟ್ಟಿತು. ‘ಏಬಲ್’ ಪ್ರತ್ಯಯವು ಆಮೇಲೆ ಹತ್ತಿತು.

ಇನ್ನೊಂದು ‘ಇನ್’ ನಿಷೇಧಾರ್ಥಕವಾದುದು. ಇದು ನಮಗೆ ಪರಕೀಯವಲ್ಲ. ಅಧರ್ಮ, ಅನುಚಿತ ಎಂಬಲ್ಲಿರುವ ಸಂಸ್ಕೃತದ ‘ಅ’, ‘ಅನ್’ಗಳಿಗೂ ಇದಕ್ಕೂ ಮೂಲವೊಂದೇ. ವ್ಯಂಜನದ ಮುಂದೆ ‘ಅ’, ಸ್ವರದ ಮುಂದೆ ‘ಅನ್’ ಎಂಬ ನಿಯಮವು ಗ್ರೀಕಿನಲ್ಲಿಯೂ ಇದೆ: ‘ಆಟಮ್’ ಎಂದರೆ ತುಂಡರಿಸಲಾಗದ್ದು. ಆಂಗ್ಲರ ಸ್ವಂತದ ‘ಅನ್‌ಹ್ಯಾಪಿ’ಯಲ್ಲಿರುವ ‘ಅನ್’ ಕೂಡ ಇದೇ ವಂಶದ್ದು. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸ್ ಅವರು 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ ಮಾತಿಗೆ ಇಂಥವೇ ಸಾಕ್ಷಿಗಳು. ‘ಇನ್‌ಫೆಂಟ್’ ಎಂಬುದರ ಮೂಲಾರ್ಥವು ಇನ್ನೂ ಮಾತು ಬಾರದ್ದು ಎಂದು. ಕೂಸಿಗೆ ಇದಕ್ಕಿಂತ ಒಪ್ಪುವ ಹೆಸರುಂಟೇ!

ಈ ‘ಇನ್’ ವೇಷವನ್ನೂ ಬದಲಿಸುತ್ತದೆ. ‘ಲೀಗಲ್’ ಮುಂದೆ ಬಂದರೆ ‘ಇಲ್ಲೀಗಲ್’. ಉತ್ ಮತ್ತು ಲಾಸ ಸೇರಿ ಉಲ್ಲಾಸವಾದಂತೆ. ಸಂಧಿ ಬಲ್ಲ ನಮ್ಮವರಿಗೆ ಇದು ಹೊಸತಲ್ಲ.

ಎರಡರಲ್ಲಿ ಯಾವುದೆಂದು ಗುರುತಿಸುವುದು ಹೇಗೆ? ಕ್ರಿಯಾಪದಗಳಲ್ಲಿ ಬಹುಮಟ್ಟಿಗೆ ‘ಒಳಗೆ’ ಎಂಬರ್ಥ, ವಿಶೇಷಣಗಳಲ್ಲಿ ನಿಷೇಧಾರ್ಥ. ‘ಇನ್‌ಫ್ಲೇಮಬಲ್’ ವಿಶೇಷಣವಾದರೂ ಕ್ರಿಯಾಪದದ ಹೊಟ್ಟೆಯಲ್ಲಿ ಹುಟ್ಟಿದ್ದರಿಂದ ಇಷ್ಟೆಲ್ಲ ತೊಡಕು.

ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ನಿನವರು 1920ರ ದಶಕದಲ್ಲಿ, ಬ್ರಿಟಿಷ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್ನಿನವರು 1959ರಲ್ಲಿ, ಈ ‘ಇನ್’ ಅನ್ನು ಕಿತ್ತು ‘ಫ್ಲೇಮಬಲ್’ ಎಂದೇ ಬರೆಯಿರೆಂದು ಸಲಹೆಯಿತ್ತರು. ನಮ್ಮ ಟ್ಯಾಂಕರುಗಳಲ್ಲಿ ಹಳೆಯ ಪದವು ಇನ್ನೂ ಉಳಿದಿದೆ. ಮನೆಯ ಸೀಸೆಗಳ ಮೇಲಾದರೂ ‘ಬೆಂಕಿಯ ಹತ್ತಿರ ಇಡಕೂಡದು’ ಎಂದು ಕನ್ನಡದ ಚೀಟಿಯೊಂದನ್ನು ಅಂಟಿಸಿಕೊಳ್ಳಬಹುದು; ಅದಕ್ಕೆ ವ್ಯಾಕರಣ ಬೇಕಿಲ್ಲ.