ಕಟ್ಟು ಚೆಲ್ಲಬ್ಯಾಡ್ರೀ...

ಮೊನ್ನೆ ಹೋಳಿಗೆ ಮಾಡುವ ವಿಧಾನವೊಂದನ್ನು ಓದುತ್ತಿದ್ದೆ. ಕಡ್ಲಿಬ್ಯಾಳಿ ಎಷ್ಟು, ಬೆಲ್ಲ ಎಷ್ಟು, ಯಾಲಕ್ಕಿ ಎಷ್ಟು ಎಂದು ಎಲ್ಲಾ ಚಂದಾಗಿ ಬರೆದಿದ್ದರು. ನಡುವೆ ಒಂದು ಸಾಲು: ಬೇಳೆ ಬೆಂದ ಮೇಲೆ ನೀರು ಬಸಿದು ಚೆಲ್ಲಿ.

ಚೆಲ್ಲಿ!? ನಮ್ಮ ಹಾನಗಲ್ಲ ಕಡೆ ಯಾರ ಮನೆಯಲ್ಲಾದರೂ ಹೋಗಿ ಈ ಮಾತು ಹೇಳಿ ನೋಡಿ. ಸೌಟು ಹಿಡಿದೇ ಹೊರಗೆ ಬರುತ್ತಾರೆ :)

ಅದು ನೀರಲ್ಲ ಸ್ವಾಮಿ, ಕಟ್ಟು. ಅದಕ್ಕೊಂದು ಹೆಸರಿದೆ. ಹೋಳಿಗೆ ದಿನ ಬ್ಯಾಳಿ ಬೇಯಿಸಲು ಇಡುವಾಗಲೇ ನಮ್ಮವರು ನೀರು ಜಾಸ್ತಿ ಇಡುತ್ತಾರೆ, ಮರೆತು ಅಲ್ಲ, ಬೇಕಂತಲೇ. ಬಸಿದ ಕಟ್ಟಿಗೆ ಒಂದು ಹಿಡಿ ಹೂರಣ, ಹುಣಸೆ ರಸ, ಹುರಿದು ಅರೆದ ಒಣಕೊಬ್ಬರಿ, ಜೀರಿಗೆ, ಲವಂಗ, ಚಕ್ಕೆ, ಪಕ್ಕದ ಬ್ಯಾಡಗಿಯ ಮೆಣಸಿನಕಾಯಿ, ಮೇಲೊಂದು ಬೆಳ್ಳುಳ್ಳಿ ಕರಿಬೇವಿನ ಒಗ್ಗರಣೆ. ಹೋಳಿಗೆ ತಿಂದು ಬಾಯಿ ಸಿಹಿಗೆ ಸೋತಾಗ ಅನ್ನಕ್ಕೆ ಬೀಳುವುದು ಈ ಕಟ್ಟಿನ ಸಾರು. ಮರುದಿನ ಅದರ ರುಚಿಯೇ ಬೇರೆ! ಅಂದರೆ ಈ ಸಾರು ಉಳಿದದ್ದರಲ್ಲಿ ಮಾಡಿದ್ದಲ್ಲ. ಹೋಳಿಗೆಯ ಜೊತೆಗೇ ಹುಟ್ಟಿದ್ದು.

ಈಗ ಇನ್ನೊಂದು ಕಥೆ. 2014ರಲ್ಲಿ ಫ್ರಾನ್ಸಿನ ಜೋಯೆಲ್ ರೋಸೆಲ್ ಎಂಬ ಹಾಡುಗಾರರು ಡಬ್ಬಿಯ ಕಾಳಿನ ನೀರನ್ನು ಕಡೆದರೆ ಮೊಟ್ಟೆಯ ಬಿಳಿಯಂತೆ ನೊರೆ ಬರುತ್ತದೆ ಎಂದು ತೋರಿಸಿದರು. 2015ರಲ್ಲಿ ಅಮೆರಿಕದ ಗೂಸ್ ವೋಲ್ಟ್ ಅದಕ್ಕೆ ಅಕ್ವಾಫಾಬಾ ಎಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ನೀರು ಮತ್ತು ಕಾಳು, ಅಷ್ಟೇ. ಸುಮಾರು ಮೂರು ದೊಡ್ಡ ಚಮಚ ನೀರು ಒಂದು ಮೊಟ್ಟೆಗೆ ಸಮ ಅಂತ ಲೆಕ್ಕ. ಕಾಳಿನಿಂದ ಇಳಿದ ಪ್ರೋಟೀನು, ಪಿಷ್ಟ, ಸಪೋನಿನ್ನು ಸೇರಿ ಆ ನೊರೆ ಕಟ್ಟುತ್ತದೆ.

ಇಲ್ಲಿ ನನ್ನ ಜಗಳ ಇಬ್ಬರ ಜೊತೆ.

ಮೊದಲನೆಯವರು "ಇದನ್ನ ನಮ್ಮ ಅಜ್ಜಿ ಎಂದೋ ಕಂಡುಹಿಡಿದಿದ್ದಳು" ಎಂದು ಎದೆ ತಟ್ಟಿಕೊಳ್ಳುವವರು. ಇಲ್ಲರೀ, ನಿಮ್ಮ ಅಜ್ಜಿ ನೊರೆ ಕಡೆದು ಕೇಕು ಮಾಡಲಿಲ್ಲ. ಆ ಹೆಗ್ಗಳಿಕೆ ಅವರದು, ಅವರಿಗೇ ಇರಲಿ. ಅಜ್ಜಿ ಸಾರು ಮಾಡಿದಳು. ಅದೇನು ಕಡಿಮೆಯೇ? ಹೊರಗಿನವರ ಹೆಸರು ಅಂಟಿಸಿದರೆ ಮಾತ್ರ ಅವಳಿಗೆ ಬೆಲೆಯೇ?

ಎರಡನೆಯವರು ಅಂಗಡಿಯಿಂದ ದುಬಾರಿ ಡಬ್ಬಿ ತಂದು ಅಕ್ವಾಫಾಬಾ ತೆಗೆಯುತ್ತಾರೆ, ಹಬ್ಬದ ದಿನ ಕಟ್ಟನ್ನು ಸಿಂಕಿಗೆ ಸುರಿಯುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ.

ಇದರಲ್ಲೇನು ಮಹಾ, ಒಂದು ಪಾತ್ರೆ ನೀರು ತಾನೆ ಅನ್ನಬಹುದು. ಸ್ವಲ್ಪ ತಡೆಯಿರಿ. ಮೊದಲು ಈ ಅಡುಗೆ ಒಲೆಯ ಮುಂದೆ ನಿಂತು ಕಲಿಯುವಂಥದ್ದಾಗಿತ್ತು. ಈಗ ಎಷ್ಟೋ ಮಕ್ಕಳು ಊರು ಬಿಟ್ಟ ಮೇಲೆ ಓದಿ ಕಲಿಯುತ್ತಾರೆ. ಅವರಿಗೆ "ಚೆಲ್ಲಿ" ಎಂದು ಬರೆದರೆ ಅವರು ಚೆಲ್ಲುತ್ತಾರೆ. ಅಲ್ಲಿಗೆ ಒಂದು ಸಾರು ಸತ್ತಂತೆ. ಅಳತೆ ನೀರು ಹಾಕಿದ ಕುಕ್ಕರಿನಲ್ಲಿ ಕಟ್ಟೇ ಉಳಿಯುವುದಿಲ್ಲ. ಕೊಂಡು ತಂದ ಹೋಳಿಗೆಯ ಪೊಟ್ಟಣದಲ್ಲಂತೂ ಕಟ್ಟು ಬರುವುದೇ ಇಲ್ಲ! ಆಮೇಲೆ ಆ ಹೆಸರೂ ಹೋಗುತ್ತದೆ.

ಹಬ್ಬಕ್ಕೇ ಕಾಯಬೇಕಿಲ್ಲ. ಉಸಳಿಗೆ ಕಡ್ಲಿ ಬೇಯಿಸಿದ ದಿನ ಆ ನೀರಿನಲ್ಲಿ ಚಪಾತಿ ಹಿಟ್ಟು ನಾದಿ, ಪಲ್ಯಕ್ಕೆ ಹಾಕಿ, ಜುಣಕದ ಹಿಟ್ಟು ಕಲಸಿ. ಬರಿ ನೀರು ಹಾಕುವ ಕಡೆ ಇದನ್ನು ಹಾಕಿದರೆ ಆಯಿತು.

ಹಾಗಂತ ಕುರುಡಾಗಿ ಅಲ್ಲ. ನೆನೆಹಾಕಿದ ನೀರು ಚೆಲ್ಲಿ, ಬೇಯಿಸಿದ್ದು ಇಟ್ಟುಕೊಳ್ಳಿ. ಅಡುಗೆ ಸೋಡಾ ಹಾಕಿ ಬೇಯಿಸಿದ್ದರೆ ರುಚಿ ಕೆಟ್ಟಿರುತ್ತದೆ, ಬೇಡ. ಡಬ್ಬಿಯದಾದರೆ ಅದರಲ್ಲಿ ಉಪ್ಪಿರುತ್ತದೆ, ನೋಡಿ ಹಾಕಿ. ಕಟ್ಟು ಬೇಗ ಹಳಸುತ್ತದೆ, ಅದೇ ದಿನ ಬಳಸಿ ಅಥವಾ ಫ್ರಿಜ್ಜಿನಲ್ಲಿಡಿ. ಕಿಡ್ನಿ ತೊಂದರೆಯಿಂದ ಪೊಟ್ಯಾಶಿಯಂ ಕಡಿಮೆ ಮಾಡಬೇಕಾದವರಿಗೆ ಇದು ಸಲ್ಲ, ಬೇಯಿಸಿದಾಗ ಅದು ನೀರಿಗೇ ಇಳಿಯುತ್ತದೆ. ಮೊಟ್ಟೆಯ ಬದಲು ಬಳಸಬಹುದೆಂದ ಮಾತ್ರಕ್ಕೆ ಮೊಟ್ಟೆಯಷ್ಟು ಪ್ರೋಟೀನು ಇದೆ ಅಂತಲೂ ತಿಳಿಯಬೇಡಿ. ಇರುವುದು ಬಹಳ ಸ್ವಲ್ಪ.

ಕೊನೆಗೆ ಅಡುಗೆ ಬರೆಯುವ ಗೆಳೆಯ ಗೆಳತಿಯರಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಹೋಳಿಗೆ ಬಗ್ಗೆ ಬರೆಯುವಾಗ ಆ ಒಂದು ಶಬ್ದ ತಿದ್ದಿ. "ಬಸಿದು ಚೆಲ್ಲಿ" ಅಲ್ಲ, "ಬಸಿದು ಇಡಿ".

ನಿಮ್ಮ ಮನೆಯಲ್ಲಿ ಕಟ್ಟಿಗೆ ಏನಂತೀರಿ, ಏನು ಮಾಡ್ತೀರಿ? ಬರೀರಿ, ಕಾಯ್ತಿರ್ತೀನಿ.