ದೇರಾದ ಹೊಸ ವಾಚ್: ಲಾಭ ಒಬ್ಬನಿಗೆ, ಕೇಸು ಇನ್ನೊಬ್ಬನಿಗೆ

ರಜೆಗೆ ಊರಿಗೆ ಹೊರಟವನ ಕೈಗೆ ದುಬೈಯಲ್ಲಿ ಗೆಳೆಯನೋ, ಗೆಳೆಯನ ಗೆಳೆಯನೋ ಒಂದು ವಾಚ್ ಕಟ್ಟುತ್ತಾನೆ. ‘ಕಟ್ಟಿಕೊಂಡು ಹೋದರೆ ಸಾಕು, ಹೊರಗೆ ಬಂದ ಮೇಲೆ ಒಬ್ಬ ಬಂದು ತೆಗೆದುಕೊಳ್ಳುತ್ತಾನೆ’ ಎನ್ನುತ್ತಾನೆ. ಉಪ್ಪಳ, ಕುಂಬಳೆ, ಮಂಜೇಶ್ವರ ಕಡೆಯ ಗಲ್ಫ್ ಹುಡುಗರಿಗೆ ಇಂಥ ಮಾತು ಹೊಸತೇನಲ್ಲ. ಚಿನ್ನ ತಂದರೆ ಅಪಾಯ ಎಂದು ಈಗ ಎಲ್ಲರಿಗೂ ಗೊತ್ತುಂಟು. ವಾಚ್ ಮಾತ್ರ ‘ಕೈಗೆ ಕಟ್ಟುವ ವಸ್ತು, ಅದಕ್ಕೆಂತ ಕೇಸು’ ಎಂಬ ಧೈರ್ಯ. ಈ ಧೈರ್ಯಕ್ಕೆ ಆಧಾರ ಎಷ್ಟು ಎಂದು ತಿಳಿಯಬೇಕಾದರೆ ಆ ವಾಚ್ ಅಂಗಡಿಗೆ ಬಂದ ದಾರಿಯನ್ನೇ ಮೊದಲು ನೋಡಬೇಕು.

ಬ್ರಾಂಡಿನ ಬೋರ್ಡ್ ಇಲ್ಲದ ಅಂಗಡಿಯಲ್ಲಿ ಹೊಸ ಒಮೆಗಾ, ಹೊಸ ರೋಲೆಕ್ಸ್ ಕಂಡ ಕೂಡಲೇ ಜನ ನಕಲಿ ಎನ್ನುತ್ತಾರೆ, ಇಲ್ಲವೇ ಕದ್ದ ಮಾಲು ಎನ್ನುತ್ತಾರೆ. ಎಷ್ಟೋ ಸಲ ಎರಡೂ ಅಲ್ಲ. ಅದು ಅಧಿಕೃತ ಡೀಲರನ ಹಿಂಬಾಗಿಲಿನಿಂದ ಬಂದ ಅಸಲಿ ಮಾಲು. ಕಂಪೆನಿ ತನ್ನ ಡೀಲರನಿಗೆ ಬೇಡಿಕೆಯಿರುವ ಮಾಡೆಲ್ ಜೊತೆ ನಿಧಾನ ಹೋಗುವ ಮಾಡೆಲ್‌ಗಳನ್ನೂ ಕೊಡುತ್ತದೆ. ಮುಂದಿನ ವರ್ಷದ ಕೋಟಾ ಉಳಿಯಬೇಕಾದರೆ ಈ ವರ್ಷದ ಮಾಲು ಎತ್ತಲೇಬೇಕು. ಶೋಕೇಸಿನಲ್ಲಿ ಕೂತ ವಾಚ್ ಎಂದರೆ ಕಟ್ಟಿಬಿದ್ದ ಬಂಡವಾಳ. ಬಹಿರಂಗವಾಗಿ ಡಿಸ್ಕೌಂಟ್ ಕೊಟ್ಟರೆ ಕಂಪೆನಿಗೆ ಸಿಟ್ಟು. ಆದ್ದರಿಂದ ಹತ್ತಿಪ್ಪತ್ತು ವಾಚ್ ಒಟ್ಟಿಗೆ, ಸದ್ದಿಲ್ಲದೆ, ಸ್ವತಂತ್ರ ವ್ಯಾಪಾರಿಗೆ ಹೋಗುತ್ತವೆ.

ಲೆಕ್ಕ ಹೀಗೆ ಇಟ್ಟುಕೊಳ್ಳಿ. ಪಟ್ಟಿ ಬೆಲೆ 10 ಲಕ್ಷದ ವಾಚ್ ಡೀಲರನಿಗೆ ಆರೂವರೆ ಲಕ್ಷಕ್ಕೆ ಬೀಳುತ್ತದೆ ಎನ್ನೋಣ. ಅವನು ಏಳು ಲಕ್ಷಕ್ಕೆ ಬಿಡುತ್ತಾನೆ, ಸ್ವತಂತ್ರ ವ್ಯಾಪಾರಿ ಏಳು ಮುಕ್ಕಾಲಕ್ಕೆ ಮಾರುತ್ತಾನೆ. ಗಿರಾಕಿಗೆ ಎರಡು ಕಾಲು ಲಕ್ಷ ಉಳಿತಾಯ. ಮೂವರಿಗೂ ಖುಷಿ, ಕಂಪೆನಿಗೆ ಮಾತ್ರ ಇಲ್ಲ. ಕಾರ್ಟಿಯೇ ಬ್ರಾಂಡಿನ ಒಡೆಯ ರಿಚ್‌ಮಾಂಟ್ 2018ಕ್ಕೆ ಮುಗಿದ ಎರಡು ವರ್ಷಗಳಲ್ಲಿ ಸುಮಾರು 48 ಕೋಟಿ ಯೂರೊ ಮೌಲ್ಯದ ವಾಚ್‌ಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಖರೀದಿಸಿ, ಅದರಲ್ಲಿ ಎಷ್ಟನ್ನೋ ನಾಶ ಮಾಡಿತು. ಕಡಿಮೆ ಬೆಲೆಗೆ ಮಾರಾಟವಾಗುವುದಕ್ಕಿಂತ ಒಡೆದು ಹಾಕುವುದೇ ಮೇಲು ಎಂಬ ಲೆಕ್ಕ ಅವರದು. ಪೇಟೆಯ ಸಣ್ಣ ವ್ಯಾಪಾರಿಗೆ ಇದು ಹುಚ್ಚಿನ ಹಾಗೆ ಕಂಡೀತು.

ರೋಲೆಕ್ಸಿನ ಸ್ಟೀಲ್ ಡೇಟೋನಾ ಮುಂತಾದವುಗಳಲ್ಲಿ ಕತೆ ಉಲ್ಟಾ. ಪಟ್ಟಿ ಬೆಲೆಗೆ ಬೇಕೆಂದರೆ ಹೆಸರು ಬರೆಸಿ ಕಾಯಬೇಕು. ಶೋರೂಮಿನ ಹಳೆ ಗಿರಾಕಿಗೆ ಮೊದಲು ಸಿಗುತ್ತದೆ, ಅವನು ಪ್ಲಾಸ್ಟಿಕ್ ಕೂಡ ತೆಗೆಯದೆ ಸ್ವತಂತ್ರ ವ್ಯಾಪಾರಿಗೆ ಲಾಭಕ್ಕೆ ಕೊಡುತ್ತಾನೆ. ಕಾಯಲು ಮನಸ್ಸಿಲ್ಲದವನು ಪಟ್ಟಿಗಿಂತ ಹೆಚ್ಚು ಕೊಟ್ಟು ಕೊಳ್ಳುತ್ತಾನೆ. (ಚಿನ್ನದ ವಾಚ್ ನಮ್ಮ ಗಂಡಸರು ಕಟ್ಟುವುದಿಲ್ಲ, ಸ್ಟೀಲಿಗೇ ಹೀಗೆ ಬೆಲೆ ಏರಿದ್ದು ಒಂದು ವಿಚಿತ್ರ.) ಆ ಬೆಲೆಯೂ ಗಟ್ಟಿಯಲ್ಲ. 2022ರ ಆರಂಭದಲ್ಲಿ ತುದಿ ಮುಟ್ಟಿದ ಮರುಮಾರಾಟ ದರ ಅದೇ ವರ್ಷ ಜಾರಿತು. ‘ವಾಚ್ ಎಂದರೆ ಹೂಡಿಕೆ’ ಎಂದು ನಂಬಿ ಮೇಲಿನ ದರಕ್ಕೆ ಕೊಂಡವರು ಕೈ ಸುಟ್ಟುಕೊಂಡರು.

ಇದು ಕಾನೂನುಬಾಹಿರವೇ ಎಂಬ ಪ್ರಶ್ನೆ ಕೋರ್ಟುಗಳಿಗೂ ಹೋಗಿದೆ. ಅಮೆರಿಕದ ಕಾಸ್ಟ್‌ಕೊ ಎಂಬ ದೊಡ್ಡ ಅಂಗಡಿ ಹೊರದೇಶದಿಂದ ಬಂದ ಒಮೆಗಾ ಸೀಮಾಸ್ಟರನ್ನು 1,299 ಡಾಲರಿಗೆ ಮಾರಿತು. ಪಟ್ಟಿ ಬೆಲೆ 1,995 ಡಾಲರ್. ವಾಚಿನ ಹಿಂಬದಿಯಲ್ಲಿ ಕೆತ್ತಿದ್ದ ಪುಟ್ಟ ಗೋಳದ ಚಿತ್ರಕ್ಕೆ ಕಾಪಿರೈಟ್ ಉಂಟು ಎಂದು ಒಮೆಗಾ ಕೇಸು ಹಾಕಿತು. ವರ್ಷಗಟ್ಟಲೆ ನಡೆದು 2015ರಲ್ಲಿ ಕಾಸ್ಟ್‌ಕೊ ಗೆದ್ದಿತು. ನಮ್ಮ ದೇಶದಲ್ಲಿ ಸ್ಯಾಮ್ಸಂಗ್ ಪ್ರಿಂಟರುಗಳ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2012ರಲ್ಲಿ ಹೇಳಿದ್ದೂ ಇದೇ ಧಾಟಿಯಲ್ಲಿ: ಅಸಲಿ ಮಾಲನ್ನು ಹೊರದೇಶದಲ್ಲಿ ಕೊಂಡು ಇಲ್ಲಿ ತಂದು ಮಾರಬಹುದು. ಆದರೆ ಇದು ಕಂಪೆನಿ ನೇರವಾಗಿ ತರಿಸಿದ್ದಲ್ಲ, ಇದಕ್ಕೆ ಕಂಪೆನಿಯ ವಾರಂಟಿ ಇಲ್ಲ ಎಂದು ಗಿರಾಕಿಗೆ ಕಾಣುವ ಹಾಗೆ ಅಂಗಡಿಯಲ್ಲಿ ಬರೆದು ಹಾಕಬೇಕು.

ವಾರಂಟಿಯ ವಿಷಯ ಸಣ್ಣದಲ್ಲ. ಕಾರ್ಡಿನಲ್ಲಿ ದಿನಾಂಕ ಬಿದ್ದ ದಿನದಿಂದ ವಾರಂಟಿ ಓಡುತ್ತದೆ. ಇಲ್ಲಿ ‘ಹೊಸ’ ಎಂದು ಕೊಂಡ ವಾಚಿನ ವಾರಂಟಿಯಲ್ಲಿ ಎಂಟು ತಿಂಗಳು ಆಗಲೇ ಹೋಗಿರಬಹುದು. ಯಾವ ಡೀಲರ್ ಹಿಂಬಾಗಿಲಲ್ಲಿ ಬಿಟ್ಟ ಎಂದು ಕಂಪೆನಿಗೆ ತಿಳಿಯಬಾರದೆಂದು ಸೀರಿಯಲ್ ನಂಬರನ್ನೇ ಉಜ್ಜಿ ತೆಗೆದ ವಾಚುಗಳೂ ಈ ಮಾರುಕಟ್ಟೆಯಲ್ಲಿ ಉಂಟು. ಅಂಥದನ್ನು ಕಂಪೆನಿಯ ಸರ್ವಿಸ್ ಸೆಂಟರ್ ಮುಟ್ಟದೆ ಇರಬಹುದು. ಅಮೆರಿಕದ ಜೋಮಾಶಾಪ್‌ನಂಥ ದೊಡ್ಡ ಮಾರಾಟಗಾರರು ಇದಕ್ಕೇ ಸ್ವಂತ ವಾರಂಟಿ ಕೊಡುತ್ತಾರೆ. ವಾಟ್ಸಾಪಿನಲ್ಲಿ ಮಾರುವವನು ಕೊಡುವ ವಾರಂಟಿ ಅವನ ನಂಬರ್ ಚಾಲ್ತಿಯಲ್ಲಿರುವಷ್ಟು ದಿನ.

ಇಲ್ಲಿಯವರೆಗೆ ವ್ಯಾಪಾರ ಸರಿಯೇ. ಕಾನೂನಿನ ಗೆರೆ ದಾಟುವುದು ಸುಂಕದ ಕೌಂಟರಿನಲ್ಲಿ. ಭಾರತಕ್ಕೆ ತರುವ ವಾಚಿಗೆ 20 ಶೇಕಡಾ ಮೂಲ ಸುಂಕ, ಆ ಸುಂಕದ ಮೇಲೆ 10 ಶೇಕಡಾ ಸರ್‌ಚಾರ್ಜ್, ಇಷ್ಟೂ ಸೇರಿದ ಮೊತ್ತದ ಮೇಲೆ 18 ಶೇಕಡಾ ಜಿಎಸ್‌ಟಿ. ನೂರು ರೂಪಾಯಿಯ ಮಾಲಿಗೆ ಹತ್ತಿರ ಹತ್ತಿರ 44 ರೂಪಾಯಿ. ದುಬೈಯಲ್ಲಿ ವ್ಯಾಟ್ 5 ಶೇಕಡಾ. ‘ಕೈಗೆ ಕಟ್ಟಿಕೊಂಡು ಹೋಗು’ ಎನ್ನುವವನ ಲಾಭ ಇರುವುದು ಈ ಅಂತರದಲ್ಲಿ.

ಸ್ವಿಜರ್ಲೆಂಡ್ ಸೇರಿದ ನಾಲ್ಕು ದೇಶಗಳ ಇಎಫ್‌ಟಿಎ ಒಕ್ಕೂಟದ ಜೊತೆ 2024ರ ಮಾರ್ಚ್ 10ರಂದು ಭಾರತ ಮಾಡಿಕೊಂಡ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಸ್ವಿಸ್ ವಾಚಿನ ಮೂಲ ಸುಂಕ ಹಂತ ಹಂತವಾಗಿ ಇಳಿಯುತ್ತದೆ. ‘ಇನ್ನು ಸುಂಕ ಇಲ್ಲವಂತೆ’ ಎಂದು ಕೆಲವರು ಹೇಳುವುದು ಇದನ್ನು ಹಿಡಿದು. ಆದರೆ ಆ ರಿಯಾಯಿತಿ ಒಪ್ಪಂದದ ಪ್ರಕಾರ ಮೂಲದ ದಾಖಲೆಯೊಂದಿಗೆ ಆಮದಾಗುವ ಸರಕಿಗೆ. ದೇರಾದಿಂದ ಮಣಿಕಟ್ಟಿನಲ್ಲಿ ಬಂದದ್ದಕ್ಕೆ ಅಲ್ಲ. ಜಿಎಸ್‌ಟಿಯಂತೂ ಇದ್ದೇ ಇದೆ. ಅಂತರ ಕಡಿಮೆಯಾದಷ್ಟು ಕಳ್ಳದಾರಿಯ ಲಾಭ ಕರಗುತ್ತದೆ, ಸಿಕ್ಕಿಬಿದ್ದರೆ ಶಿಕ್ಷೆ ಮಾತ್ರ ಹಾಗೇ ಉಳಿಯುತ್ತದೆ.

ಆ ಶಿಕ್ಷೆಯ ವಿಷಯದಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಮಾತುಂಟು. ಸಾಮಾನ್ಯವಾಗಿ ಆರೋಪ ಸಾಬೀತು ಮಾಡಬೇಕಾದ್ದು ಸರಕಾರ. 1962ರ ಕಸ್ಟಮ್ಸ್ ಕಾಯ್ದೆಯ 123ನೇ ಸೆಕ್ಷನ್ ಕೆಲವು ವಸ್ತುಗಳಿಗೆ ಇದನ್ನು ತಿರುಗಿಸಿ ಇಟ್ಟಿದೆ. ಸಕಾರಣ ಸಂಶಯದ ಮೇಲೆ ವಶಪಡಿಸಿಕೊಂಡರೆ, ಕಳ್ಳಸಾಗಣೆಯ ಮಾಲು ಅಲ್ಲ ಎಂದು ಸಾಬೀತು ಮಾಡಬೇಕಾದವನು ಅದು ಯಾರ ಕೈಯಲ್ಲಿತ್ತೋ ಅವನೇ. ಆ ಸೆಕ್ಷನ್ ಹೆಸರಿಸಿ ಹೇಳುವ ವಸ್ತುಗಳು ಎರಡು: ಚಿನ್ನ ಮತ್ತು ವಾಚ್. ಕೈಗೆ ಕಟ್ಟಿಕೊಟ್ಟವನ ಹೆಸರು ಬಿಲ್ಲಿನಲ್ಲಿ ಇರುವುದಿಲ್ಲ, ಬಿಲ್ಲೇ ಇರುವುದಿಲ್ಲ. ಮಂಗಳೂರು, ಕಣ್ಣೂರು, ಕರಿಪ್ಪೂರು, ಯಾವುದರಲ್ಲಿ ಇಳಿದರೂ ಉತ್ತರ ಕೊಡಬೇಕಾದ್ದು ಮಣಿಕಟ್ಟಿನ ಒಡೆಯ. ಮಾಲು ಮುಟ್ಟುಗೋಲು, ದಂಡ, ಮೌಲ್ಯ ದೊಡ್ಡದಿದ್ದರೆ ಕ್ರಿಮಿನಲ್ ಕೇಸು. ಪಾಸ್‌ಪೋರ್ಟಿನಲ್ಲೇ ಹೊಟ್ಟೆಪಾಡು ಇರುವ ಹುಡುಗನಿಗೆ ವಾಚಿನ ಬೆಲೆಗಿಂತ ದೊಡ್ಡ ನಷ್ಟ ಇದು. ಸ್ವಂತದ ದುಬಾರಿ ವಾಚ್ ಊರಿನಿಂದ ಕಟ್ಟಿಕೊಂಡು ಹೋಗುವವರೂ ಹೊರಡುವಾಗ ಕಸ್ಟಮ್ಸ್‌ನಿಂದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಬರುವಾಗ ವಾದ ಬೇಡ.

ಊರಲ್ಲೇ ಕೂತು ಸರಿಯಾದ ದಾರಿಯಲ್ಲಿ ಈ ವ್ಯಾಪಾರ ಮಾಡುವ ಯೋಚನೆಯೂ ಯುವಕರಲ್ಲಿದೆ. ಮಾಡಬಹುದು. ಗಡಿನಾಡಿನವರಿಗೆ ಮಾತ್ರ ಒಂದು ಕೊಕ್ಕೆ ಉಂಟು. ಉಪ್ಪಳದವನು ಮಂಗಳೂರಿನ ಗಿರಾಕಿಗೆ ಮಾಲು ಕಳುಹಿಸಿ ಮಾರಿದರೆ ಅದು ಅಂತರರಾಜ್ಯ ಮಾರಾಟ, ವಹಿವಾಟು ಎಷ್ಟೇ ಸಣ್ಣದಿರಲಿ ಜಿಎಸ್‌ಟಿ ನೋಂದಣಿ ಬೇಕು. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ ಅಷ್ಟೇ ಮೊತ್ತ ದಂಡ ಬೀಳಬಹುದು. 10 ಲಕ್ಷ ಮೀರಿದ ಕೈಗಡಿಯಾರಕ್ಕೆ 2025ರ ಏಪ್ರಿಲ್ 22ರಿಂದ 1 ಶೇಕಡಾ ಟಿಸಿಎಸ್ ಕೂಡ ಬಂದಿದೆ.

ಇನ್ನು ಫೋಟೊ ವ್ಯಾಪಾರ. ದುಬೈಯ ಒಬ್ಬನ ಬಳಿ ಇರುವ ಒಂದು ವಾಚಿನ ಫೋಟೊ ಆರು ಗ್ರೂಪುಗಳಲ್ಲಿ ಆರು ಬೆಲೆಗೆ ಓಡುತ್ತದೆ. ಆರರಲ್ಲಿ ಐವರು ವಾಚನ್ನು ಕಣ್ಣಲ್ಲಿ ಕಂಡವರಲ್ಲ, ಆದರೆ ಅಡ್ವಾನ್ಸ್ ಕೇಳುತ್ತಾರೆ. ಕೈಯಲ್ಲಿಲ್ಲದ್ದನ್ನು ಮಾರಬಾರದು ಎಂಬುದು ಮದ್ರಸದಲ್ಲಿ ಕಲಿತ ಪಾಠವೇ. ಮಧ್ಯವರ್ತಿ ತಾನು ಮಧ್ಯವರ್ತಿ ಎಂದು ಹೇಳಿ ಕಮಿಷನ್ ಪಡೆದರೆ ಅದು ಬೇರೆ ವಿಷಯ. ಅಡ್ವಾನ್ಸ್ ಕಳುಹಿಸುವ ಮೊದಲು ಗಿರಾಕಿ ಕೇಳಬಹುದಾದ್ದು ಸರಳ: ಇವತ್ತಿನ ದಿನಾಂಕ ಬರೆದ ಚೀಟಿಯ ಪಕ್ಕದಲ್ಲಿ ಆ ವಾಚ್, ಅದರ ವಾರಂಟಿ ಕಾರ್ಡ್, ಸುಂಕ ಕಟ್ಟಿದ ರಶೀದಿ ಮೂರನ್ನೂ ಇಟ್ಟು ಒಂದು ಹೊಸ ಫೋಟೊ. ಆರರಲ್ಲಿ ಐದು ಗ್ರೂಪುಗಳಿಂದ ಉತ್ತರ ಬರುವುದಿಲ್ಲ.